ಮೋಶಿಯಿಂದ ಮಂಡ್ಯಕ್ಕೆ ಬಂದೆ, ಮನಸ್ಸು ಮಾತ್ರ ಬರಲಿಲ್ಲ

ಪ್ರಶ್ನೆ: ಮೇಡಂ, ನನಗೆ 26 ವರ್ಷ. ಮಂಡ್ಯ ಹತ್ತಿರದ ಹಳ್ಳಿಯವಳು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ಆಮೇಲೆ ಬಿ.ಎಸ್ಸಿ., ಬಿ.ಎಡ್. ಒಂದು ಸಂಸ್ಥೆಯ ಮೂಲಕ ಟಾಂಜಾನಿಯಾಕ್ಕೆ ಹೋಗಿ, ಕಿಲಿಮಂಜಾರೋ ಬೆಟ್ಟದ ಬುಡದಲ್ಲಿರುವ ಮೋಶಿ ಪಟ್ಟಣದ ಹತ್ತಿರ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಎಂಟು ತಿಂಗಳು ಸ್ವಯಂಸೇವಕಿಯಾಗಿ ಗಣಿತ ಹೇಳಿಕೊಟ್ಟೆ. ವಾಪಸ್ ಬಂದು ಮೂರು ತಿಂಗಳಾಯಿತು. ಇಲ್ಲಿ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಬೆಳಗ್ಗೆ ಹತ್ತು ಗಂಟೆಯಾದರೆ ‘ಅಲ್ಲಿ ಈಗ ಏಳೂವರೆ, ಮಕ್ಕಳು ಸಾಲಾಗಿ ನಿಂತಿರುತ್ತಾರೆ’ ಅನ್ನಿಸುತ್ತದೆ. ಒಂದು ದಿನ ಬೋರ್ಡ್ ಮೇಲೆ ‘ಟ್ರಯಾಂಗಲ್’ ಅಂತ ಬರೆದೆ, ಇಡೀ ಕ್ಲಾಸು ಸುಮ್ಮನಿತ್ತು. ಚಿತ್ರ ಬರೆದು ಸ್ವಾಹಿಲಿಯಲ್ಲಿ ‘ಪೆಂಬೆತಾತು’ ಅಂದೆ, ಎಲ್ಲರೂ ಹೋ ಅಂತ ನಕ್ಕರು. ಆ ನಗು ನೆನೆಸಿಕೊಂಡರೆ ಈಗಲೂ ಅಳು ಬರುತ್ತದೆ. ಮನೆಯಲ್ಲಿ ಹೇಳಲು ಹೋದರೆ ‘ಸಿಂಹ ನೋಡಿದ್ಯಾ?’ ಅಂತ ಕೇಳಿ ಟಿವಿ ಹಾಕುತ್ತಾರೆ. ಅಮ್ಮ ಗಂಡು ನೋಡುತ್ತಿದ್ದಾರೆ. ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಏನೇನೋ ಕನಸು, ಹಗಲೆಲ್ಲ ಸುಸ್ತು. (ಅಲ್ಲಿದ್ದಾಗ ವಾರಕ್ಕೊಂದು ಮಲೇರಿಯಾ ಮಾತ್ರೆ ತಗೊಳ್ತಿದ್ದೆ, ಬಂದ ಮೇಲೂ ನಾಲ್ಕು ವಾರ ತಗೊಂಡೆ.) ಇನ್ನೊಂದು ವಿಷಯ. ನನ್ನ ವಿದ್ಯಾರ್ಥಿನಿಯೊಬ್ಬಳು ಅವಳಕ್ಕನ ಫೋನಿಂದ ವಾಟ್ಸಾಪ್ ಮಾಡುತ್ತಾಳೆ. ಮೊದಮೊದಲು ಕ್ಷೇಮ ಸಮಾಚಾರ. ಈಗ ಸ್ಕೂಲ್ ಖರ್ಚಿಗೆ ದುಡ್ಡು ಕೇಳುತ್ತಿದ್ದಾಳೆ. ಏನು ಬರೆಯಬೇಕೋ ಗೊತ್ತಾಗದೆ, ಮೆಸೇಜ್ ತೆರೆಯದೆ ಮೇಲಿಂದಲೇ ಓದಿ ಬಿಡುತ್ತೇನೆ. ನನಗೆ ಏನಾಗಿದೆ? ವಾಪಸ್ ಹೋಗಿಬಿಡಲಾ?

ಉತ್ತರ: ಮನಸ್ಸಿನ ಮಾತು ಆಮೇಲೆ. ನೀವು ಕಂಸದೊಳಗೆ ಹಾಕಿ ಮುಗಿಸಿದ ವಿಷಯದಿಂದಲೇ ಶುರು ಮಾಡುತ್ತೇನೆ.

ಆ ಮಾತ್ರೆಯ ಹೆಸರು ಏನು ಅಂತ ನೋಡಿ. ಸ್ಟ್ರಿಪ್ ಬಿಸಾಡಿದ್ದರೆ ಬರೆದುಕೊಟ್ಟ ಡಾಕ್ಟರನ್ನು ಕೇಳಿ. ವಾರಕ್ಕೊಂದು, ಬಂದ ಮೇಲೂ ನಾಲ್ಕು ವಾರ ಅಂದರೆ ಅದು ಮೆಫ್ಲೋಕ್ವಿನ್ ಇರುವ ಸಾಧ್ಯತೆ ಜಾಸ್ತಿ. ಕ್ಲೋರೋಕ್ವಿನ್ ಕೂಡ ವಾರಕ್ಕೊಂದೇ. ಆದರೆ ಪೂರ್ವ ಆಫ್ರಿಕಾದ ಮಲೇರಿಯಾ ಅದಕ್ಕೆ ಬಗ್ಗುವುದಿಲ್ಲ, ಹಾಗಾಗಿ ಆ ಕಡೆ ಹೋಗುವವರಿಗೆ ಅದನ್ನು ಕೊಡುವುದಿಲ್ಲ. ಮೆಫ್ಲೋಕ್ವಿನ್ ಕೆಲವರಿಗೆ ವಿಚಿತ್ರ ಕನಸು ತರುತ್ತದೆ. ನಿದ್ದೆ ಕೆಡಿಸುತ್ತದೆ. ಕಾರಣವಿಲ್ಲದ ಭಯ, ಬೇಸರ ಹುಟ್ಟಿಸುತ್ತದೆ. ಮೈಯಿಂದ ಪೂರ್ತಿ ಹೋಗಲು ಅದಕ್ಕೆ ವಾರಗಟ್ಟಲೆ ಬೇಕು. ಕೆಲವರಲ್ಲಿ ಮಾತ್ರೆ ನಿಲ್ಲಿಸಿ ತಿಂಗಳುಗಳಾದರೂ ತೊಂದರೆ ಉಳಿಯುವುದುಂಟು. ನಿಮಗೂ ಹಾಗೇ ಆಗಿದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಇದನ್ನು ನೋಡದೆ ಎಲ್ಲವನ್ನೂ ನೆನಪಿನ ತಲೆಗೆ ಕಟ್ಟಬಾರದು.

ಸುಸ್ತಿಗೂ ಅಷ್ಟೇ. ಈ ವಾರ ಒಬ್ಬ ಫಿಜಿಷಿಯನ್ ಹತ್ತಿರ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ‘ಮೂರು ತಿಂಗಳ ಹಿಂದೆ ಟಾಂಜಾನಿಯಾದಿಂದ ಬಂದೆ’ ಅನ್ನುವ ಮಾತನ್ನು ಅವರು ಕೇಳುವ ಮೊದಲೇ ಹೇಳಿ. ಜ್ವರ ಬಂದರೆ ‘ಮಳೇಲಿ ನೆಂದೆ’ ಅಂತ ಮನೆಯಲ್ಲಿ ಕಷಾಯ ಕುಡಿದು ಕೂರಬೇಡಿ, ಅದೇ ದಿನ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಕೆಲವು ಜಾತಿಯ ಮಲೇರಿಯಾ ಪಿತ್ತಜನಕಾಂಗದಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಏಳುತ್ತದೆ. ನಾಲ್ಕು ವಾರ ಮಾತ್ರೆ ನುಂಗಿದ್ದೀನಲ್ಲ ಅನ್ನುವ ಧೈರ್ಯ ಅದರ ಮುಂದೆ ನಡೆಯುವುದಿಲ್ಲ.

ಈಗ ಮನಸ್ಸಿಗೆ ಬರೋಣ.

ನಿಮಗೆ ಆಗಿರುವುದು ಹೊಸದೇನಲ್ಲ, ಅದರ ಮೇಲೆ ಪಂಡಿತರು ಗ್ರಾಫ್ ಕೂಡ ಬರೆದಿದ್ದಾರೆ. ಪರದೇಶಕ್ಕೆ ಹೋದವರಿಗೆ ಆಗುವ ಕಲ್ಚರ್ ಶಾಕ್ ಬಗ್ಗೆ ಕಲೆರ್ವೊ ಒಬರ್ಗ್ ಎಂಬ ಮಾನವಶಾಸ್ತ್ರಜ್ಞ 1954ರಲ್ಲಿ ಬ್ರೆಜಿಲ್‌ನಲ್ಲಿ ಒಂದು ಭಾಷಣ ಮಾಡಿದರು. ಆ ಮಾತು ಎಲ್ಲರ ಬಾಯಿಗೆ ಬಂದದ್ದು ಆಮೇಲೆ. ಮರುವರ್ಷ ನಾರ್ವೆಯ ಲಿಸ್ಗಾರ್ಡ್ ಎಂಬುವರು ಅಮೆರಿಕಕ್ಕೆ ಹೋಗಿ ಬಂದ ತಮ್ಮ ದೇಶದವರನ್ನು ಮಾತಾಡಿಸಿ, ಮೊದಲು ಖುಷಿ, ನಡುವೆ ಕುಸಿತ, ಆಮೇಲೆ ಚೇತರಿಕೆ ಅಂತ ಇಂಗ್ಲಿಷ್ ‘ಯು’ ಅಕ್ಷರದ ಆಕಾರ ಹೇಳಿದರು. 1963ರಲ್ಲಿ ಗಲ್ಲಾಹಾರ್ನ್ ದಂಪತಿ ಅದಕ್ಕೆ ಇನ್ನೊಂದು ‘ಯು’ ಅಂಟಿಸಿ ‘ಡಬ್ಲ್ಯು’ ಮಾಡಿದರು. ಎರಡನೇ ಕುಸಿತ ಯಾವುದು ಗೊತ್ತಾ? ಮನೆಗೆ ಬಂದ ಮೇಲಿನದು. ಎಲ್ಲರಿಗೂ ಹೀಗೇ ಆಗುತ್ತದೆ, ಇಷ್ಟೇ ತಿಂಗಳಿಗೆ ಆಗುತ್ತದೆ ಅಂತ ಮುಂದಿನ ಅಧ್ಯಯನಗಳಲ್ಲಿ ಗಟ್ಟಿಯಾಗಲಿಲ್ಲ. ಅದನ್ನು ರೈಲಿನ ಟೈಂಟೇಬಲ್ ಥರ ಇಟ್ಟುಕೊಂಡು ದಿನ ಎಣಿಸಬೇಡಿ. ಅಮೆರಿಕ ಸರ್ಕಾರದ ಪೀಸ್ ಕೋರ್ ಸಂಸ್ಥೆಯಂತೂ ತನ್ನ ಸ್ವಯಂಸೇವಕರಿಗೆ ಕೆಲಸ ಮುಗಿದ ಮೇಲೆ, ಊರಲ್ಲಿ ಮತ್ತೆ ಹೊಂದಿಕೊಳ್ಳಲಿ ಅಂತಲೇ ಒಂದಿಷ್ಟು ದುಡ್ಡು ಕೊಟ್ಟು ಕಳಿಸುತ್ತದೆ. ನಮ್ಮಲ್ಲಿ ಹೋಗುವಾಗ ಲಸಿಕೆ, ತರಬೇತಿ, ಉಪ್ಪಿನಕಾಯಿ ಡಬ್ಬ ಎಲ್ಲಾ ಇರುತ್ತದೆ. ಬರುವಾಗ ಏರ್‌ಪೋರ್ಟಿಗೆ ಒಂದು ಕಾರು ಬಂದಿರುತ್ತದೆ, ಅಷ್ಟೇ.

ನನಗೂ ಇದು ಸ್ವಲ್ಪ ಗೊತ್ತು. ನಾನು ಬೆಳೆದದ್ದು ಕೆ.ಜಿ.ಎಫ್.ನಲ್ಲಿ, ತಮಿಳು ಚೆನ್ನಾಗಿ ಬರುತ್ತದೆ. 2004ರ ಡಿಸೆಂಬರ್ 26ರ ಸುನಾಮಿ ಆದ ಮೇಲೆ ತಮಿಳು ಬಲ್ಲ ಕೌನ್ಸೆಲರ್‌ಗಳು ಬೇಕು ಅಂದಾಗ ಶ್ರೀಲಂಕಾದ ಪೂರ್ವ ಕರಾವಳಿಯ ಮಟ್ಟಕ್ಕಳಪಿಗೆ ಹೋಗಿ ಐದು ತಿಂಗಳು ಇದ್ದೆ. ವಾಪಸ್ ಬಂದ ಮೂರನೇ ದಿನ ಅಮ್ಮ ಹೋಳಿಗೆ ಮಾಡಿದ್ದರು. ನಾನು ತಟ್ಟೆ ಮುಂದೆ ಕೂತು, ‘ಅಲ್ಲಿ ಶಿಬಿರದಲ್ಲಿ ಮಕ್ಕಳಿಗೆ…’ ಅಂತ ಶುರು ಮಾಡಿದೆ. ಅಮ್ಮ ಪೂರ್ತಿ ಕೇಳಿದರು. ನನ್ನ ಹೋಳಿಗೆ ಆರಿ, ಮೇಲಿನ ತುಪ್ಪ ಬಿಳಿಯಾಗಿ ಗಟ್ಟಿಯಾಗಿತ್ತು. ಆಮೇಲೆ ಅವರು ಏನೂ ಹೇಳದೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ಅವತ್ತು ಅಮ್ಮನಿಗೆ ಅರ್ಥವಾಗಲ್ಲ ಅಂದುಕೊಂಡೆ. ಅವರಿಗೆ ಚೆನ್ನಾಗೇ ಅರ್ಥವಾಗಿತ್ತು: ಮಗಳು ಬಂದಿಲ್ಲ, ಇನ್‌ಸ್ಪೆಕ್ಟರ್ ಬಂದಿದ್ದಾಳೆ.

ನಿಮ್ಮ ಮನೆಯಲ್ಲಿ ಟಿವಿ ಹಾಕುವುದಕ್ಕೂ ಇಂಥದ್ದೇ ಏನಾದರೂ ಕಾರಣ ಇರಬಹುದು, ಒಂದು ಸಲ ಯೋಚಿಸಿ ನೋಡಿ. ಎಂಟು ತಿಂಗಳು ಮಗಳು ದೂರ ಇದ್ದಳು. ಬಂದವಳು ದಿನಾ ‘ಅಲ್ಲಿ ಹಾಗಿತ್ತು, ಅಲ್ಲಿ ಹೀಗಿತ್ತು’ ಅನ್ನುತ್ತಾಳೆ. ಕೇಳುವವರಿಗೆ ಅದು ‘ಇಲ್ಲಿ ಏನೂ ಸರಿಯಿಲ್ಲ’ ಅಂತ ಕೇಳಿಸುತ್ತದೆ. ಸಿಂಹದ ಪ್ರಶ್ನೆಗೆ ಸಿಟ್ಟು ಬೇಡ. ಅವರಿಗೆ ಟಾಂಜಾನಿಯಾ ಅಂದರೆ ಗೊತ್ತಿರುವುದು ಸಿಂಹ ಒಂದೇ. ಅದನ್ನೇ ಹಿಡಿದು ಮಾತಾಡಬಹುದು ಅಂತ ಪಾಪ ಬಾಗಿಲು ತಟ್ಟುತ್ತಿದ್ದಾರೆ.

ಮಾತು ಕಡಿಮೆ ಮಾಡಿ, ಕೈ ಕೆಲಸ ಮಾಡಿ. ಒಂದು ಸಂಜೆ ಮುಸುಕಿನ ಜೋಳದ ಹಿಟ್ಟು ತಂದು ಉಗಾಲಿ ಮಾಡಿ. ನಿಮ್ಮ ಅಮ್ಮ ಪಕ್ಕದಲ್ಲಿ ನಿಂತು ‘ಇದೇನು, ಮುದ್ದೆನೇ ಅಲ್ವಾ, ಗಂಟಾಗಿದೆ ನೋಡು, ಕೊಡು ಇಲ್ಲಿ ಕೋಲು’ ಅಂತ ಕಿತ್ತುಕೊಳ್ಳದಿದ್ದರೆ ಕೇಳಿ. ಕಿಲಿಮಂಜಾರೋ ಬುಡದ ಚಾಗ್ಗ ಜನ ನಮ್ಮ ರಾಗಿಯನ್ನೇ ‘ಉಲೇಜಿ’ ಅಂತ ಕರೆದು ಅಂಬಲಿ ಕಾಯಿಸುತ್ತಾರೆ, ಬಾಳೆಹಣ್ಣಿನ ಜೊತೆ ಸೇರಿಸಿ ‘ಮ್ಬೆಗೆ’ ಅನ್ನುವ ಹೆಂಡವನ್ನೂ ಮಾಡುತ್ತಾರೆ. ನಮ್ಮ ರಾಗಿ ಅನ್ನುವುದೂ ಪೂರ್ತಿ ಸರಿಯಲ್ಲ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಅಲ್ಲಿಂದ ನಮ್ಮಲ್ಲಿಗೆ ಬಂದದ್ದು. ಮಂಡ್ಯದ ಮನೆಯಲ್ಲಿ ಇದನ್ನು ಹೇಳಿ, ಎಂಥ ವಾದ ಎದ್ದೇಳುತ್ತದೆ ನೋಡಿ! ಆಟೋರಿಕ್ಷಾಗೆ ಅಲ್ಲಿ ‘ಬಜಾಜಿ’ ಅಂತಾರೆ ಅನ್ನಿ. ಚಿಕ್ಕವರು ದೊಡ್ಡವರಿಗೆ ಹೇಳುವ ‘ಶಿಕಮೋ’ ಅನ್ನುವ ಮಾತಿಗೆ ‘ನಿಮ್ಮ ಕಾಲು ಹಿಡಿಯುತ್ತೇನೆ’ ಎಂಬ ಅರ್ಥ ಹೇಳುತ್ತಾರೆ, ದೊಡ್ಡವರು ‘ಮರಹಬಾ’ ಅಂತ ಒಪ್ಪಿಕೊಳ್ಳುತ್ತಾರೆ ಅಂತ ಅಜ್ಜಿಗೆ ಹೇಳಿ. ಇಂಥ ಮಾತು ಮನೆಯೊಳಗೆ ಬರುತ್ತದೆ. ‘ಅಲ್ಲಿನ ಜನ ಎಷ್ಟು ಒಳ್ಳೆಯವರು ಗೊತ್ತಾ’ ಅನ್ನುವುದು ಹೊಸಿಲಲ್ಲೇ ನಿಲ್ಲುತ್ತದೆ.

ಇನ್ನು ನಿಮ್ಮ ಅಳು. ನೀವು ಬೆಟ್ಟ ನೆನೆಸಿಕೊಂಡು ಅತ್ತೆ ಅಂತ ಬರೆದಿಲ್ಲ. 5,895 ಮೀಟರ್ ಬೆಟ್ಟ ಎದುರಿಗಿತ್ತು, ಬೆಳಗ್ಗೆ ಮೋಡ ಸರಿದಾಗ ಹಿಮದ ತುದಿ ಕಂಡಿರುತ್ತದೆ. ಪತ್ರದಲ್ಲಿ ಅದರ ಬಗ್ಗೆ ಹೆಸರು ಬಿಟ್ಟರೆ ಬೇರೆ ಮಾತಿಲ್ಲ. ಬರೆದದ್ದು ಒಂದು ಪದದ ಬಗ್ಗೆ. ‘ಪೆಂಬೆ’ ಅಂದರೆ ಮೂಲೆ, ‘ತಾತು’ ಅಂದರೆ ಮೂರು. ನಮ್ಮ ತ್ರಿಕೋನವೂ ಅದೇ ತಾನೆ?

ಟಾಂಜಾನಿಯಾದ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ ಏಳು ವರ್ಷ ಪಾಠ ಸ್ವಾಹಿಲಿಯಲ್ಲಿ ನಡೆದಿರುತ್ತದೆ. ಸೆಕೆಂಡರಿಗೆ, ಅಂದರೆ ಫಾರ್ಮ್ ಒನ್‌ಗೆ, ಕಾಲಿಟ್ಟ ದಿನದಿಂದ ಎಲ್ಲಾ ಇಂಗ್ಲಿಷ್. ಲೆಕ್ಕ ಗೊತ್ತಿದ್ದ ಮಗುವೂ ಪ್ರಶ್ನೆ ಅರ್ಥವಾಗದೆ ತಲೆ ತಗ್ಗಿಸುತ್ತದೆ. ಇದನ್ನು ನಿಮಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಹತ್ತನೇ ಕ್ಲಾಸಿನವರೆಗೂ ಕನ್ನಡದಲ್ಲಿ ಓದಿ, ಪಿಯುಸಿ ಸೈನ್ಸ್ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು, ‘ಲಂಬಕೋನ’ಕ್ಕೆ ಇಲ್ಲಿ ಏನಂತಾರೆ ಅಂತ ಪಕ್ಕದವಳ ನೋಟ್ಸ್ ಇಣುಕಿದವರು ನೀವೂ ಒಬ್ಬರಲ್ವಾ? ಲಂಡನ್ನಿನಿಂದ ಬಂದ ಸ್ವಯಂಸೇವಕನಿಗೆ ಆ ಮೌನ ‘ಮಕ್ಕಳು ದಡ್ಡರು’ ಅಂತ ಕಾಣಬಹುದು. ನಿಮಗೆ ಅದರ ಒಳಗಿನ ಅವಮಾನ ಗೊತ್ತಿತ್ತು. ಹಾಗಾಗಿ ಆ ಪದ ಹುಡುಕಿ ಕಲಿತು ಹೇಳಿದಿರಿ. ನಿಮ್ಮ ಬದುಕಿನಲ್ಲಿ ಕೊರತೆ ಅಂತ ನೀವು ಅಂದುಕೊಂಡಿದ್ದ ಕನ್ನಡ ಮೀಡಿಯಂ, ಅಲ್ಲಿ ಬೇರೆ ಯಾರ ಹತ್ತಿರವೂ ಇಲ್ಲದ ಕಸುಬಾಯಿತು. ದಿನಕ್ಕೆ ಎಷ್ಟೋ ಸಲ ‘ಮ್ವಾಲಿಮು’ ಅನ್ನಿಸಿಕೊಂಡಿರಿ. ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆಯವರನ್ನು ಜನ ಇವತ್ತಿಗೂ ಕರೆಯುವುದು ಇದೇ ಮಾತಿನಿಂದ, ‘ಮೇಷ್ಟ್ರು’ ಅಂತ. ಅಂಥ ಕಡೆಯಿಂದ ಬಂದು ಈಗ ಬಯೋಡೇಟಾದಲ್ಲಿ ‘ಹುಡುಗಿ ಬಿ.ಎಡ್., ಬಣ್ಣ ಗೋಧಿ’ ಆಗಿದ್ದೀರಿ. ಅಳು ಬರದೆ ಇನ್ನೇನು ಬರುತ್ತದೆ?

ಹಾಗಾಗಿ ನಿಮಗೆ ಕಾಡುತ್ತಿರುವುದರಲ್ಲಿ ಎರಡು ಭಾಗ ಇದೆ ಅಂತ ನನಗನ್ನಿಸುತ್ತದೆ. ಆ ಮಕ್ಕಳು, ಆ ನಗು, ಸುಮ್ನೆ ಕೆಲಸ ಮಾಡುತ್ತಿದ್ದರೂ ದಾರಿಯಲ್ಲಿ ಹೋಗುವವರು ‘ಪೊಲೆ’ (ಪಾಪ, ಕಷ್ಟಪಡ್ತಿದ್ದೀರಿ ಅನ್ನುವ ಥರದ ಸ್ವಾಹಿಲಿ ಮಾತು) ಅಂತ ಹೇಳಿ ಹೋಗುವುದು, ಇವೆಲ್ಲ ಅಲ್ಲಿಯವು. ಇವನ್ನು ಇಲ್ಲಿಗೆ ತರಲಾಗುವುದಿಲ್ಲ. ನೆನಪಾಗುತ್ತವೆ, ಆಗಲಿ. ವರ್ಷಗಳು ಕಳೆದರೂ ನನಗೆ ಸಂಜೆ ಹೊತ್ತು ಪುಟ್ಟು ಬೇಯುವ ವಾಸನೆ ಬಂದರೆ ಮಟ್ಟಕ್ಕಳಪಿನ ಹಿನ್ನೀರಿನ ದಂಡೆ ನೆನಪಾಗುತ್ತದೆ, ಒಂದು ನಿಮಿಷ ಕೈ ನಿಲ್ಲುತ್ತದೆ, ಆಮೇಲೆ ತರಕಾರಿ ಹೆಚ್ಚುತ್ತೇನೆ. ಆದರೆ ಆ ಕಸುಬು ನಿಮ್ಮದು, ನಿಮ್ಮ ಜೊತೆ ವಿಮಾನದಲ್ಲೇ ಬಂದಿದೆ. ನಿಮ್ಮ ತಾಲ್ಲೂಕಿನಲ್ಲೇ ಎಸ್ಸೆಸ್ಸೆಲ್ಸಿಯನ್ನು ಕನ್ನಡದಲ್ಲಿ ಮುಗಿಸಿ ಪಿಯುಸಿ ಸೈನ್ಸಿಗೆ ಸೇರುವ ಹುಡುಗ ಹುಡುಗಿಯರು ಪ್ರತಿ ವರ್ಷ ಇರುತ್ತಾರೆ. ಪರೀಕ್ಷೆ ಮುಗಿದು ಕಾಲೇಜು ಶುರುವಾಗುವ ನಡುವೆ ಕೆಲವು ವಾರ ಸಿಗುತ್ತದೆ. ನೀವು ಓದಿದ ಹೈಸ್ಕೂಲಿನ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಒಂದು ಕೋಣೆ ಕೇಳಿ. ಗಣಿತದ ಪದಗಳು, ಪ್ರಶ್ನೆ ಓದುವ ರೀತಿ, ಅಷ್ಟು ಸಾಕು. ಐದು ಜನ ಬಂದರೂ ಸಾಕು. ಕಿಲಿಮಂಜಾರೋ ಇರುವುದಿಲ್ಲ, ಫೇಸ್‌ಬುಕ್‌ಗೆ ಹಾಕುವ ಫೋಟೋ ಸಿಗುವುದಿಲ್ಲ. ‘ಅಯ್ಯೋ ಟ್ಯೂಷನ್ ಮಾಡ್ತಾಳಂತೆ’ ಅಂತ ಊರವರು ಅನ್ನುತ್ತಾರೆ. ಹಾಗೆ ಅಂದಾಗ ನಿಮಗೆ ಬೇಜಾರಾದರೆ ಆ ಬೇಜಾರು ಯಾವುದಕ್ಕೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ದೂರದೇಶದಲ್ಲಿ ಮಾಡಿದ ಕೆಲಸದ ನೆನಪಿನಲ್ಲಿ, ಅಲ್ಲಿ ನಮಗೆ ಸಿಕ್ಕ ಬೆಲೆಯ ನೆನಪೂ ಬೆರೆತಿರುತ್ತದೆ. ನನಗೂ ಇತ್ತು, ಒಪ್ಪಿಕೊಳ್ಳಲು ಬಹಳ ವರ್ಷ ಹಿಡಿಯಿತು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಪತ್ರದಲ್ಲಿ ಇದು ಕೊನೆಗೆ ಬಂದಿದೆ, ಆದರೆ ನಿಮ್ಮ ನಿದ್ದೆ ಕೆಡಿಸುತ್ತಿರುವುದರಲ್ಲಿ ಇದರ ಪಾಲು ಜಾಸ್ತಿ ಇರಬೇಕು.

ಮೆಸೇಜ್ ತೆರೆಯದೆ ಓದುವುದನ್ನು ಇವತ್ತೇ ನಿಲ್ಲಿಸಿ. ಆ ಹುಡುಗಿ ಉತ್ತರಕ್ಕೆ ಕಾಯುತ್ತಿರುತ್ತಾಳೆ. ಇಲ್ಲ ಅನ್ನಿಸಿಕೊಳ್ಳುವುದಕ್ಕಿಂತ ಕಾಯುವುದು ಕೆಟ್ಟದ್ದು. ‘ನೋಡ್ತೀನಿ’, ‘ಟ್ರೈ ಮಾಡ್ತೀನಿ’ ಅಂತ ಬರೆಯಬೇಡಿ. ನಮ್ಮಲ್ಲಿ ‘ನೋಡೋಣ’ ಅಂದರೆ ‘ಆಗಲ್ಲ’ ಅಂತ ಎಲ್ಲರಿಗೂ ಗೊತ್ತು, ಅವಳಿಗೆ ಗೊತ್ತಿಲ್ಲ. ಅವಳು ಅದನ್ನು ಮಾತು ಕೊಟ್ಟರು ಅಂತ ತಿಳಿಯುತ್ತಾಳೆ.

ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಟಾಂಜಾನಿಯಾದಲ್ಲಿ ಸರ್ಕಾರಿ ಸೆಕೆಂಡರಿ ಶಾಲೆಯ ಮೊದಲ ನಾಲ್ಕು ವರ್ಷಕ್ಕೆ 2016ರಿಂದ ಫೀಸ್ ಇಲ್ಲ. ಹಾಗಂತ ಓದು ಪುಕ್ಕಟೆ ಆಗುವುದಿಲ್ಲ. ಯೂನಿಫಾರಂ, ಶೂ, ನೋಟ್‌ಬುಕ್, ಇವಕ್ಕೆಲ್ಲ ಮನೆಯವರೇ ಕೊಡಬೇಕು. ನಮ್ಮ ಸರ್ಕಾರಿ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರಿಗೆ ಜೂನ್ ತಿಂಗಳು ಹೇಗಿರುತ್ತದೋ ಅವರಿಗೆ ಶಾಲೆ ಶುರುವಾಗುವ ಜನವರಿ ಹಾಗೆ. ನಿಮ್ಮ ಕೈಲಿ ದುಡ್ಡಿದೆ ಅಂತ ಅವಳು ಅಂದುಕೊಂಡದ್ದೂ ತಪ್ಪಲ್ಲ, ವಿಮಾನದಲ್ಲಿ ಬಂದವರು ನೀವು. ಕೆಲಸ ಹುಡುಕುತ್ತಾ ಅಪ್ಪನ ಹತ್ತಿರ ಬಸ್ ಚಾರ್ಜ್ ಕೇಳುವ ಹುಡುಗಿ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಆದರೂ ಅವಳ ಕೈಗೆ ನೇರವಾಗಿ ದುಡ್ಡು ಕಳಿಸಬೇಡಿ. ಒಬ್ಬಳಿಗೆ ಕಳಿಸಿದರೆ ಇಡೀ ಕ್ಲಾಸಿಗೆ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಮೂರು ಸಲ ಕಳಿಸಿ ನಾಲ್ಕನೇ ಸಲ ಆಗದಿದ್ದರೆ ಅವಳ ವರ್ಷ ನಡುವೆ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯ, ಅವಳಿನ್ನೂ 18 ತುಂಬದ ಮಗು. ಎಷ್ಟೋ ಸಂಸ್ಥೆಗಳು ಸ್ವಯಂಸೇವಕರು ಮಕ್ಕಳ ಜೊತೆ ಖಾಸಗಿಯಾಗಿ ಸಂಪರ್ಕ ಇಟ್ಟುಕೊಳ್ಳಬಾರದು ಅಂತ ಬರೆಸಿಕೊಂಡಿರುತ್ತವೆ. ನೀವೂ ಸಹಿ ಹಾಕಿರಬಹುದು, ಕಾಗದ ತೆಗೆದು ನೋಡಿ. ಅದು ನಿಮ್ಮ ಮೇಲಿನ ಅನುಮಾನಕ್ಕೆ ಮಾಡಿದ ನಿಯಮ ಅಲ್ಲ, ಮಕ್ಕಳ ರಕ್ಷಣೆಗೆ ಮಾಡಿದ್ದು.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಇಷ್ಟು ದಿನ ಉತ್ತರ ಕೊಡಲಿಲ್ಲ, ತಪ್ಪಾಯಿತು. ನಾನೀಗ ಕೆಲಸ ಹುಡುಕುತ್ತಿದ್ದೇನೆ, ದುಡ್ಡು ಕಳಿಸಲು ಆಗುವುದಿಲ್ಲ. ನಿನ್ನ ಕಷ್ಟವನ್ನು ನಿಮ್ಮ ಕ್ಲಾಸ್ ಟೀಚರ್‌ಗೆ ಹೇಳು, ನಾನೂ ಅವರಿಗೆ ಬರೆಯುತ್ತೇನೆ. ಇನ್ನು ಮೇಲೆ ತಿಂಗಳಿಗೊಂದು ಸಲ ಅವರ ಮೂಲಕ ನಿಮ್ಮೆಲ್ಲರಿಗೂ ಒಂದು ಲೆಕ್ಕ ಕಳಿಸುತ್ತೇನೆ. ಬಿಡಿಸಿ.’ ಆಮೇಲೆ ಆ ಟೀಚರ್‌ಗೆ ನಿಜವಾಗಲೂ ಬರೆಯಿರಿ. ಲೆಕ್ಕವನ್ನೂ ಕಳಿಸಿ. ಎರಡು ಸಲ ಕಳಿಸಿ ನಿಲ್ಲಿಸುವುದಾದರೆ ಆ ಸಾಲು ಬರೆಯಲೇಬೇಡಿ. ಮುಂದೆ ಸಂಬಳ ಬಂದು ಸಹಾಯ ಮಾಡಬೇಕು ಅನ್ನಿಸಿದರೆ, ಶಾಲೆಯ ಹೆಸರಿಗೆ, ಬ್ಯಾಂಕಿನ ಮೂಲಕ, ವರ್ಷಕ್ಕೊಂದು ಸಲ, ನಿಮಗೆ ಭಾರವಾಗದಷ್ಟು.

ವಾಪಸ್ ಹೋಗಿಬಿಡಲಾ ಅಂತ ಕೇಳಿದ್ದೀರಿ. ಈಗ ಬೇಡ. ಗಂಡು ನೋಡುವುದರಿಂದ ತಪ್ಪಿಸಿಕೊಳ್ಳಲು ಹೋದರೆ ಅದು ಸ್ವಯಂಸೇವೆ ಅಲ್ಲ, ತಲೆಮರೆಸಿಕೊಳ್ಳುವುದು. ಮದುವೆ ಈಗ ಬೇಡ ಅಂದರೆ ಬೇಡ ಅಂತ ಅಮ್ಮನಿಗೆ ನೇರವಾಗಿ ಹೇಳಿ, ಅದಕ್ಕೆ ಆಫ್ರಿಕಾವನ್ನು ಅಡ್ಡ ಇಡಬೇಡಿ. ಹೋಗಬೇಕೆನ್ನುವ ಆಸೆ ಒಂದು ವರ್ಷದ ನಂತರವೂ ಇದ್ದರೆ ಆಗ ಇಲ್ಲಿ ಪಾಠ ಮಾಡಿದ ಅನುಭವ ಇಟ್ಟುಕೊಂಡು ಹೋಗಿ. ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆ, 1958ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ವಿ.ಎಸ್.ಓ. ಥರದ ಕಡೆ ಕಸುಬು ಬಲ್ಲವರನ್ನೇ ಹುಡುಕುತ್ತಾರೆ, ಖರ್ಚಿಗೂ ಕೊಡುತ್ತಾರೆ. ಹೋಗುವ ಮೊದಲು ಆ ಹಳ್ಳಿಯ ಹೆಡ್‌ಮಾಸ್ಟರಿಗೆ ಒಂದೇ ಪ್ರಶ್ನೆ ಕೇಳಿ: ಗಣಿತಕ್ಕೆ ಈಗ ಯಾರಾದರೂ ಇದ್ದಾರಾ? ‘ಇದ್ದಾರೆ, ಚೆನ್ನಾಗಿ ಮಾಡ್ತಿದ್ದಾರೆ’ ಅನ್ನುವ ಉತ್ತರ ಬಂದರೆ ಒಂದು ಕ್ಷಣ ಎದೆ ಚುಳ್ ಅನ್ನುತ್ತದೆ. ಅದು ಒಳ್ಳೆಯ ಸುದ್ದಿ.

ಅವರು ನನ್ನನ್ನು ಮರೆತುಬಿಡುತ್ತಾರಾ ಅಂತ ನೀವು ಕೇಳಿಲ್ಲ, ಆದರೆ ಸಾಲುಗಳ ನಡುವೆ ಆ ಪ್ರಶ್ನೆ ಇದೆ. ಪೀಸ್ ಕೋರ್‌ನವರು 1961ರಿಂದ 1976ರವರೆಗೆ ಭಾರತಕ್ಕೂ ಬರುತ್ತಿದ್ದರು, 4 ಸಾವಿರಕ್ಕೂ ಹೆಚ್ಚು ಜನ. ನಮ್ಮ ತಂದೆ ಚಿಕ್ಕವರಿದ್ದಾಗ ಅವರ ಊರಿನ ಕಡೆಗೂ ಅಂಥ ಒಬ್ಬ ಅಮೆರಿಕದ ಹುಡುಗ ಕೋಳಿ ಸಾಕಣೆ ಹೇಳಿಕೊಡಲು ಬಂದಿದ್ದನಂತೆ. ಕೋಳಿ ಬಗ್ಗೆ ಏನು ಹೇಳಿಕೊಟ್ಟ ಅಂತ ಅಪ್ಪನಿಗೆ ಒಂದು ಅಕ್ಷರವೂ ನೆನಪಿರಲಿಲ್ಲ. ‘ಮುದ್ದೇನ ಅಗಿದು ಅಗಿದು ತಿಂತಿದ್ದ ಕಣಮ್ಮ, ನುಂಗೋದು ಕಲಿಸೋಕೆ ನಮಗೆ ಸಾಕಾಗಿ ಹೋಯ್ತು’ ಅಂತ ಸಾಯುವ ತನಕ ಹೇಳಿ ನಗುತ್ತಿದ್ದರು. ನಿಮ್ಮ ಬಗ್ಗೆಯೂ ಅಲ್ಲಿ ಇಂಥದ್ದೇನೋ ಒಂದು ಉಳಿದಿರುತ್ತದೆ. ಏನು ಅಂತ ನಿಮಗೆ ಗೊತ್ತಾಗುವುದಿಲ್ಲ, ಅಷ್ಟೇ.

ಒಂದು ಎಚ್ಚರಿಕೆ. ನೆನಪಾಗಿ ಅಳುವುದು ಬೇರೆ, ಏನೂ ಅನ್ನಿಸದಿರುವುದು ಬೇರೆ. ಎರಡು ವಾರಕ್ಕೂ ಹೆಚ್ಚು ದಿನ ಹಾಸಿಗೆಯಿಂದ ಏಳಲಾಗದಿದ್ದರೆ, ಊಟ ಸೇರದಿದ್ದರೆ, ಟಾಂಜಾನಿಯಾ ಕೂಡ ಬೇಡ ಅನ್ನಿಸಿದರೆ, ಬದುಕಿ ಏನು ಅನ್ನುವ ಯೋಚನೆ ಒಂದು ಸಲ ಬಂದರೂ ಸರಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಎರಡು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ಮಾತ್ರೆಯ ಹೆಸರು ಏನಿತ್ತು, ರಕ್ತದ ರಿಪೋರ್ಟ್ ಏನು ಬಂತು, ಅಮ್ಮ ಉಗಾಲಿಗೆ ಯಾವ ಸಾರು ಮಾಡಿದರು, ಮೂರನ್ನೂ ತಿಳಿಸಿ.